ಬತ್ತಿದ ಹಳ್ಳದ ದಾರಿ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪಟ್ಟಣಗಳ ನೆರೆಯ ಅಪಾಯ ಮತ್ತು ಜನಪದ ಸ್ಮೃತಿ

ಪೀಠಿಕೆ

ವಿಜಯಪುರ ಜಿಲ್ಲೆಯ ಸಾಮಾಜಿಕ ಚರಿತ್ರೆಯಲ್ಲಿ ಬರಗಾಲಕ್ಕೆ ದೊರೆತಿರುವ ಸ್ಥಾನ ನೆರೆಗೆ ದೊರೆತಿಲ್ಲ. ೧೭೯೧-೯೨ರ ಡೋಗಿ ಬರವೂ ೧೮೭೬-೭೮ರ ಮಹಾಕ್ಷಾಮವೂ ಈ ಭಾಗದ ಕಾಲಗಣನೆಯ ಗುರುತುಗಳಾಗಿ ನಿಂತಿವೆ. ವರ್ಷಕ್ಕೆ ಸರಾಸರಿ ೬೦೦ ಮಿಲಿಮೀಟರಿನ ಆಸುಪಾಸಿನಷ್ಟೇ ಮಳೆ ಬೀಳುವ ನಾಡಿನಲ್ಲಿ ಇದು ಸಹಜವೇ ಆಗಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ೧೯೮೮ರಲ್ಲಿ ಬರ ಉಸ್ತುವಾರಿ ಘಟಕವಾಗಿಯೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ೨೦೦೯, ೨೦೨೦ ಮತ್ತು ೨೦೨೫ರ ಅತಿವೃಷ್ಟಿ ಹಾಗೂ ಮಹಾಪೂರಗಳು ಬರದ ನಾಡು ನೆರೆಯಿಂದ ಮುಕ್ತವಲ್ಲವೆಂಬುದನ್ನು ಸ್ಥಿರಪಡಿಸಿವೆ. ಬೆಳೆಯುತ್ತಿರುವ ತಾಲೂಕು ಪಟ್ಟಣಗಳಲ್ಲಿ ಈ ಅಪಾಯವನ್ನು ಅಂದಾಜು ಮಾಡುವಾಗ ಜನಪದ ಸ್ಮೃತಿಯನ್ನು ಹೇಗೆ ಆಕರವಾಗಿ ಬಳಸಬಹುದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ೨೦೧೮ರಲ್ಲಿ ತಾಳಿಕೋಟೆ, ಚಡಚಣ, ದೇವರಹಿಪ್ಪರಗಿ, ನಿಡಗುಂದಿ ಮೊದಲಾದವು ಪ್ರತ್ಯೇಕ ತಾಲೂಕುಗಳಾದವು. ಇಲ್ಲಿ ಅದಕ್ಕೂ ಹಿಂದಿನ ನಾಲ್ಕು ತಾಲೂಕುಗಳ ವ್ಯಾಪ್ತಿಯನ್ನು ಇಟ್ಟುಕೊಳ್ಳಲಾಗಿದೆ.

೧. ನೆಲ ಮತ್ತು ನೆಲೆ

ಉತ್ತರದಲ್ಲಿ ಭೀಮಾ ನದಿ ಇಂಡಿ, ಸಿಂದಗಿ ಸೀಮೆಗಳ ಅಂಚಿನಲ್ಲಿ ಹರಿಯುತ್ತದೆ. ದಕ್ಷಿಣದಲ್ಲಿ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳಿಗೆ ಕೃಷ್ಣೆಯೇ ಗಡಿ. ಇವೆರಡರ ನಡುವೆ ಡೋಣಿ ಬಳುಕುತ್ತ ಸಾಗಿ, ತಾಳಿಕೋಟೆಯನ್ನು ಹಾದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಡೋಣಿ ಬೆಳೆದರೆ ಓಣಿಗಳೆಲ್ಲ ಜೋಳದಿಂದ ತುಂಬುತ್ತವೆಂಬ ಆಶಯದ ಗಾದೆ ಜಿಲ್ಲೆಗೆಲ್ಲ ಪರಿಚಿತ. ಆ ಬೆಳೆಗೆ ಕಾರಣವಾದ ಆಳವಾದ ಎರೆಮಣ್ಣೇ ಮಳೆ ಹೆಚ್ಚಾದಾಗ ತೊಡಕಿಗೂ ಕಾರಣವಾಗುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಭೂಮಿ ಮೊದಲ ಮಳೆಗಳನ್ನು ಬಿರುಕುಗಳ ಮೂಲಕ ಕುಡಿಯುತ್ತದೆ. ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದು ತೀರ ಕಡಿಮೆ. ಆಗ ಬಿದ್ದ ಮಳೆಯ ಬಹುಪಾಲು ಹಳ್ಳದ ದಾರಿ ಹಿಡಿಯುತ್ತದೆ.

ಗಮನಿಸಬೇಕಾದ ಅಂಶವೆಂದರೆ, ನಾಲ್ಕೂ ತಾಲೂಕು ಕೇಂದ್ರಗಳು ದೊಡ್ಡ ನದಿಯ ದಂಡೆಯ ಮೇಲಿಲ್ಲ. ಆದ್ದರಿಂದ ಇಲ್ಲಿನ ಪ್ರಶ್ನೆ ಹೊಳೆ ಏರಿ ಬರುವುದಲ್ಲ; ಪಟ್ಟಣದ ಮೇಲೂ ಸುತ್ತಲಿನ ಹೊಲಗಳ ಮೇಲೂ ಬಿದ್ದ ಮಳೆಯ ನೀರು ಹೊರಹೋಗುವ ದಾರಿಯ ಪ್ರಶ್ನೆ. ಮನೆಗೆ ಗಟ್ಟಿ ನೆಲ, ಬೇಸಾಯಕ್ಕೆ ಎರೆ ಎಂಬುದು ಈ ಸೀಮೆಯ ಸಾಮಾನ್ಯ ವಿವೇಕ. ಎರೆಯ ಮೇಲೆ ಎಬ್ಬಿಸಿದ ಗೋಡೆ ಬಿರುಕು ಬಿಡುತ್ತದೆಂಬ ಅನುಭವವೂ ಇದರ ಹಿಂದಿದೆ. ಹಳೆಯ ಗಾವಠಾಣ ಮತ್ತು ಹೊಸ ಬಡಾವಣೆಗಳ ನೆಲವನ್ನು ಹೋಲಿಸುವಾಗ ಈ ಭೇದವನ್ನು ಮರೆಯುವಂತಿಲ್ಲ.

೨. ಆಡುಮಾತಿನಲ್ಲಿ ಹಳ್ಳ

ಈ ಭಾಗದ ಆಡುಮಾತಿನಲ್ಲಿ ಹಳ್ಳ ತುಂಬಿ ಹರಿಯುವುದಕ್ಕೆ ‘ಹಳ್ಳ ಬಂತು’ ಎನ್ನುತ್ತಾರೆ. ‘ಹೊಳಿ ಬಂತು’ ಎಂಬುದೂ ಇದೇ ಬಗೆಯದು. ವರ್ಷದ ಬಹುಕಾಲ ಒಣಗಿರುವ ಹಳ್ಳ ಒಂದು ದಿನ ‘ಬರುತ್ತದೆ’. ಈ ಪ್ರಯೋಗದಲ್ಲಿ ಅಡಗಿರುವ ತಿಳಿವಳಿಕೆ ಸ್ಪಷ್ಟವಾಗಿದೆ. ಹಳ್ಳವನ್ನು ಹಳ್ಳವಾಗಿಸುವುದು ಅದರಲ್ಲಿರುವ ನೀರಲ್ಲ, ನೀರು ಬರುವ ದಾರಿ. ಹತ್ತು ವರ್ಷ ಬಾರದ ಹಳ್ಳವೂ ಹಳ್ಳವೇ. ಆದರೆ ನಿವೇಶನವನ್ನು ಹುಡುಕುವವನ ಕಣ್ಣಿಗೆ ಅದು ಬರಿಯ ತಗ್ಗು. ಮಣ್ಣು ತುಂಬಿದರೆ ಸಮನಾಗುವ ಖಾಲಿ ಜಾಗ. ಬರದ ನಾಡಿನ ಪಟ್ಟಣಗಳಲ್ಲಿ ನೆರೆಯ ಅಪಾಯ ಬೆಳೆಯುವುದು ಈ ಎರಡು ನೋಟಗಳ ಅಂತರದಲ್ಲಿ.

ಅಣೆಕಟ್ಟುಗಳ ಕಾಲದಲ್ಲಿ ಇದಕ್ಕೆ ಇನ್ನೊಂದು ನುಡಿಗಟ್ಟು ಸೇರಿದೆ. ಆಲಮಟ್ಟಿ ಜಲಾಶಯಕ್ಕೆ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ೨೦೦೬ರಲ್ಲಿ ಅದು ಲೋಕಾರ್ಪಣೆಗೊಂಡಿತು. ಭೀಮೆಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಜಲಾಶಯವಿದೆ. ನದಿದಂಡೆಯ ಹಳ್ಳಿಗಳಲ್ಲಿ ಈಗ ಹೊಳೆ ‘ಬಂತು’ ಎನ್ನುವುದರ ಜೊತೆಗೆ ‘ನೀರು ಬಿಟ್ಟಾರ’ ಎಂಬ ಮಾತೂ ಕೇಳುತ್ತದೆ. ತಾನಾಗಿ ಬರುತ್ತಿದ್ದುದಕ್ಕೆ ಈಗ ಒಬ್ಬ ಕರ್ತೃ ಇದ್ದಾನೆ. ಹೊಣೆಯನ್ನು ಕೇಳಲು ಅವಕಾಶವಾಗಿದೆ. ಪಟ್ಟಣದ ಹಳ್ಳ ನುಗ್ಗಿದಾಗ ಮಾತ್ರ ಇಂತಹ ಕರ್ತೃ ಸುಲಭವಾಗಿ ಕಾಣುವುದಿಲ್ಲ.

೩. ಭೂಬಳಕೆಯ ಸ್ಥಿತ್ಯಂತರ

ಮುಂಬಯಿ ಆಡಳಿತದ ಕಾಲದಲ್ಲಿ ಬಿಜಾಪುರ ಒಣಬೇಸಾಯದ ಸಂಶೋಧನೆಗೆ ಹೆಸರಾಗಿತ್ತು. ೧೯೪೨ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ಆಶ್ರಯದಲ್ಲಿ ಸಮಪಾತಳಿ ಒಡ್ಡುಗಳ ನಿರ್ಮಾಣ ವ್ಯಾಪಕವಾಯಿತು. ಬಿದ್ದ ನೀರನ್ನು ಹೊಲದಲ್ಲಿಯೇ ತಡೆಯುವುದು ಇದರ ತತ್ತ್ವ. ಬರಕ್ಕೆ ಕಟ್ಟಿದ ಒಡ್ಡು ಕೆಳಗಿನ ಊರಿಗೆ ನೆರೆಯ ತಡೆಯೂ ಆಗಿತ್ತು. ಹೊಲ ನಿವೇಶನವಾದಾಗ ಮೊದಲು ಅಳಿಯುವುದು ಈ ಒಡ್ಡು.

ಕಾಲುವೆ ನೀರಾವರಿಯೊಂದಿಗೆ ಕಬ್ಬು, ತೋಟದ ಬೆಳೆಗಳು ಹಬ್ಬಿದವು. ಸೀಮೆಯ ಆರ್ಥಿಕತೆಗೆ ಇದರಿಂದಾದ ಲಾಭ ನಿರ್ವಿವಾದ. ಆದರೆ ನೀರಾವರಿಯ ಎರೆ ಮಳೆಗಾಲದ ಕೊನೆಗೆ ಮೊದಲೇ ತೇವಗೊಂಡಿರುವುದರಿಂದ ಅದರ ಹೀರುವ ಶಕ್ತಿ ಕುಗ್ಗಿರುತ್ತದೆ. ಇತ್ತ, ೨೦೧೧ರ ಜನಗಣತಿಯ ವೇಳೆಗೆ ನಾಲ್ಕೂ ಪಟ್ಟಣಗಳ ಜನಸಂಖ್ಯೆ ತಲಾ ಮೂವತ್ತು ಸಾವಿರವನ್ನು ದಾಟಿತ್ತು. ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನಂತೆ ಕೃಷಿಭೂಮಿ ಪರಿವರ್ತನೆಗೊಂಡು, ಜನರ ಬಾಯಲ್ಲಿ ‘ಎನ್.ಎ. ಪ್ಲಾಟು’ ಆಗುತ್ತದೆ.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಹೆಕ್ಟೇರ್ ನೆಲದ ಮೇಲೆ ೫೦ ಮಿಲಿಮೀಟರ್ ಮಳೆಯಾದರೆ ಬೀಳುವ ನೀರು ೫ ಲಕ್ಷ ಲೀಟರ್. ಹೊಲದಿಂದ ಅದರಲ್ಲಿ ಶೇ. ೩೦ ಹರಿದುಹೋಗುತ್ತದೆಂದು ಭಾವಿಸಿದರೆ ಒಂದೂವರೆ ಲಕ್ಷ ಲೀಟರ್. ಅದೇ ನೆಲ ಕಾಂಕ್ರೀಟು, ಡಾಂಬರುಗಳಿಂದ ಮುಚ್ಚಿ ಶೇ. ೯೦ ಹರಿದರೆ ನಾಲ್ಕೂವರೆ ಲಕ್ಷ ಲೀಟರ್. ಮಳೆ ಹೆಚ್ಚದಿದ್ದರೂ ಹಳ್ಳಕ್ಕೆ ಬರುವ ನೀರು ಮೂರು ಪಟ್ಟಾಯಿತು. ಅದೇ ಹೊತ್ತಿಗೆ ಹಳ್ಳವನ್ನು ಗಟಾರದಷ್ಟು ಕಿರಿದುಗೊಳಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

೪. ಹಿಂಗಾರಿಯ ಮಳೆ

ಜಿಲ್ಲೆಯಲ್ಲಿ ಅತ್ಯಧಿಕ ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಉತ್ತರಾ, ಹಸ್ತ, ಚಿತ್ತಾ ಮಳೆಗಳನ್ನು ನೆಚ್ಚಿ ಬಿಳಿಜೋಳದ ಬಿತ್ತನೆ ನಡೆಯುತ್ತದೆ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಅನಾಹುತ ಹಸ್ತ ಮಳೆಯ ಅವಧಿಯದು. ಉತ್ತರ ಕರ್ನಾಟಕದಾದ್ಯಂತ ಆಗ ೨೦೦ಕ್ಕೂ ಹೆಚ್ಚು ಜನ ಸತ್ತರು. ಮೇಲ್ಮುದ್ದೆಯ ಮಣ್ಣು ದಿನಗಟ್ಟಲೆ ನೆನೆದು ಭಾರವಾದಾಗ ಹೊಳೆಯ ನೀರು ಮುಟ್ಟದಿದ್ದರೂ ಮಾಳಿಗೆಮನೆ ಕುಸಿಯುತ್ತದೆ. ೨೦೨೦ರ ಅಕ್ಟೋಬರ್ ೧೩ರಂದು ಕಾಕಿನಾಡದ ಬಳಿ ತೀರವನ್ನು ದಾಟಿದ ವಾಯುಭಾರ ಕುಸಿತ ತೆಲಂಗಾಣ, ಉತ್ತರ ಕರ್ನಾಟಕಗಳ ಮೂಲಕ ಮಹಾರಾಷ್ಟ್ರಕ್ಕೆ ಸಾಗಿತು. ಚಿತ್ತಾ ಮಳೆಯಲ್ಲಿ ಭೀಮೆ ಉಕ್ಕಿತು. ೨೦೨೫ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾತೀರ ಮತ್ತೆ ಜಲಾವೃತವಾಯಿತು. ರೈತನು ಹಾರೈಸುವ ಮಳೆ ಮತ್ತು ಮನೆ ಕೆಡಹುವ ಮಳೆ ಒಂದೇ ಋತುವಿನವು. ಎರೆ ಅಷ್ಟರಲ್ಲಿ ನೆನೆದು ಮುಚ್ಚಿರುವುದೂ ಇದೇ ಕಾಲದಲ್ಲಿ.

ವಾತಾವರಣದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. ೭ರಷ್ಟು ಹೆಚ್ಚುತ್ತದೆ. ವರ್ಷದ ಒಟ್ಟು ಮಳೆ ಹೆಚ್ಚದಿದ್ದರೂ ಒಂದೇ ಮಳೆಯ ರಭಸ ಹೆಚ್ಚಬಹುದು. ಹೀಗಾಗಿ ಕಳೆದ ಶತಮಾನದ ಮಳೆಯ ಅಂಕಿಗಳನ್ನಷ್ಟೇ ಆಧರಿಸಿದ ಚರಂಡಿಯ ಅಳತೆ ಮುಂದೆ ಸಾಲದಾಗುತ್ತದೆ. ‘ನೂರು ವರ್ಷಕ್ಕೊಮ್ಮೆ’ ಎಂಬ ಮಾತನ್ನೂ ಸರಿಯಾಗಿ ಗ್ರಹಿಸಬೇಕು. ಯಾವುದೇ ಒಂದು ವರ್ಷದಲ್ಲಿ ಶೇ. ೧ರಷ್ಟು ಸಂಭವವುಳ್ಳ ನೆರೆ, ಮೂವತ್ತು ವರ್ಷ ಬಾಳುವ ಮನೆಗೆ ಒಮ್ಮೆಯಾದರೂ ತಟ್ಟುವ ಸಂಭವ ಶೇ. ೨೬. ಮಳೆಯ ಸ್ವರೂಪವೇ ಬದಲಾದರೆ ಆ ಒಂದು ಶೇಕಡ ಎಂಬುದೂ ಸ್ಥಿರವಲ್ಲ.

೫. ಸ್ಮೃತಿಯನ್ನು ಆಕರವಾಗಿಸುವ ಬಗೆ

ಇಂಡಿ ಸೀಮೆಯ ಹಲಸಂಗಿ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಕನ್ನಡ ಜಾನಪದ ಸಂಗ್ರಹಕ್ಕೆ ಭದ್ರ ಬುನಾದಿ ಹಾಕಿದ ಈ ನೆಲದಲ್ಲಿ ನೀರಿನ ನೆನಪುಗಳ ಸಂಗ್ರಹ ಇನ್ನೂ ಆಗಬೇಕಾಗಿದೆ. ಹಿರಿಯರನ್ನು ಕೇಳಬೇಕಾದ ಪ್ರಶ್ನೆಗಳು ಖಚಿತವಾಗಿರಬೇಕು. ಹಳ್ಳ ಬಂದಾಗ ನೀರು ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಮುಟ್ಟಿತ್ತು? ಅದು ಯಾವ ಮಳೆ? ಯಾವ ಓಣಿಯವರು ಮನೆ ಬಿಟ್ಟರು? ಕಟ್ಟಡಗಳು ಬರುವ ಮೊದಲು ನೀರು ಎತ್ತ ಹೋಗುತ್ತಿತ್ತು?

ಸ್ಮೃತಿಗೂ ಮಿತಿಗಳಿವೆ. ಅದು ಎರಡು ನೆರೆಗಳನ್ನು ಒಂದಾಗಿಸುತ್ತದೆ; ಸಣ್ಣವನ್ನು ಮರೆತು ದೊಡ್ಡದನ್ನು ಹಿಗ್ಗಿಸುತ್ತದೆ. ಸ್ಥಳನಾಮವನ್ನು ಕೂಡ ಎಚ್ಚರದಿಂದ ಬಳಸಬೇಕು. ತಾಳಿಕೋಟೆಯ ಬಳಿಯ ಹಡಗಿನಾಳ ಎಂಬ ಹೆಸರಿನಲ್ಲಿ ಹಡಗನ್ನೂ ಡೋಣಿಯಲ್ಲಿ ದೋಣಿಯನ್ನೂ ಕಾಣುವ ಜನಪದ ನಿರುಕ್ತಿ ಆಕರ್ಷಕವಾದರೂ ಪ್ರಮಾಣವಾಗದು. ಆದ್ದರಿಂದ ಹೇಳಿಕೆಯನ್ನು ಹಳೆಯ ಮೋಜಣಿ ನಕಾಶೆಯ ಹಳ್ಳದ ಗೆರೆಯೊಂದಿಗೂ ಮಳೆಮಾಪಕದ ದಾಖಲೆಯೊಂದಿಗೂ ನೆಲದ ಏರಿಳಿತದೊಂದಿಗೂ ತಾಳೆನೋಡಬೇಕು. ಮೂರೂ ಕೂಡುವಲ್ಲಿ ನೀರಿನ ದಾರಿ ಸಿದ್ಧವಾಗುತ್ತದೆ. ಬಳಿಕ ಆ ದಾರಿಯಲ್ಲಿ ಯಾರು ವಾಸವಾಗಿದ್ದಾರೆ, ಅವರ ಮನೆ ಎಂತಹುದು ಎಂಬುದನ್ನು ಸೇರಿಸಿದಾಗ ಮಾತ್ರ ಅಪಾಯದ ಅಂದಾಜು ಪೂರ್ಣವಾಗುತ್ತದೆ. ತಗ್ಗಿನ ಅಗ್ಗದ ಜಾಗದಲ್ಲಿ ನೆಲೆ ಕಾಣುವವರು ಸಾಮಾನ್ಯವಾಗಿ ಹೊಸದಾಗಿ ಬಂದ ಕೂಲಿಕಾರರು. ಆ ಹಳ್ಳದ ನೆನಪು ಅವರದಲ್ಲ.

ಸಮಾರೋಪ

ಒಣಗಿದ ಹಳ್ಳದ ಬಗೆಗಿನ ಮರೆವು, ಮುಚ್ಚಿದ ನೆಲ ಮತ್ತು ರಭಸದ ಹಿಂಗಾರಿ ಮಳೆ ಈ ಮೂರೂ ಕೂಡಿ ಬರದ ನಾಡಿನ ಪಟ್ಟಣಗಳಲ್ಲಿ ನೆರೆಯನ್ನು ಸೃಷ್ಟಿಸುತ್ತವೆ. ಮಳೆಯನ್ನು ತಡೆಯುವುದು ಪುರಾಡಳಿತದ ಕೈಯಲ್ಲಿಲ್ಲ. ಹಳ್ಳದ ದಾರಿಯನ್ನು ಗುರುತಿಸಿ, ಪಟ್ಟಣದ ನಕಾಶೆಯಲ್ಲಿ ದಾಖಲಿಸಿ, ಅಲ್ಲಿ ನಿವೇಶನಕ್ಕೆ ಒಪ್ಪಿಗೆ ನೀಡದಿರುವುದು ಸಾಧ್ಯ. ಹಳ್ಳ ಬಂದುದನ್ನು ಕಂಡ ಹಿರಿಯ ತಲೆಮಾರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಸಂಗ್ರಹಕಾರ್ಯ ನಡೆಯಬೇಕು.