ಕಾನೂನಿನ ಇಂಗ್ಲಿಷು ಮತ್ತು ಕೇರಿಯ ಹುಡುಗರು

ಈ ದೇಶದಲ್ಲಿ ದೊಡ್ಡ ಕೋರ್ಟುಗಳ ಭಾಷೆ ಯಾವತ್ತೂ ಕೇರಿಯ ಭಾಷೆಯಾಗಿರಲಿಲ್ಲ. ಇಂಗ್ಲಿಷ್ ಬಂದು ನ್ಯಾಯವನ್ನು ಪರಕೀಯ ಮಾಡಿತು ಎಂದು ಹಲುಬುವವರು ಅದಕ್ಕೂ ಹಿಂದೆ ಏನಿತ್ತು ಎಂದು ಹೇಳುವುದಿಲ್ಲ. ವಾರನ್ ಹೇಸ್ಟಿಂಗ್ಸ್ 1772ರಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ ಹಿಂದೂಗಳ ಮದುವೆ, ವಾರಸುದಾರಿಕೆಯ ವ್ಯಾಜ್ಯಗಳಿಗೆ ಶಾಸ್ತ್ರವೇ ಕಾನೂನು. ಅದನ್ನು ಬಿಡಿಸಿ ಹೇಳಲು ಕಂಪನಿಯ ಕೋರ್ಟುಗಳಲ್ಲಿ ಪಂಡಿತರು ಕೂತರು. ಆ ಹುದ್ದೆ ರದ್ದಾದದ್ದು 1864ರಲ್ಲಿ. ಸಂಸ್ಕೃತಕ್ಕೆ ಹುಟ್ಟು ಬೇಕಿತ್ತು, ಇಂಗ್ಲಿಷಿಗೆ ಕಲಿಕೆ ಸಾಕಿತ್ತು. ಆ ಕಲಿಕೆಯನ್ನೂ ಮೊದಲು ಹಿಡಿದುಕೊಂಡವರು ಮೇಲ್ಜಾತಿಯವರೇ ಅನ್ನೋದು ಬೇರೆ ಮಾತು.

ಈ ಸಣ್ಣ ಸಂದಿಯೊಳಗೇ ಬಾಬಾಸಾಹೇಬರು ನುಗ್ಗಿದರು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣರು ಅವರ ಮೇಲೆ ದಾವೆ ಹೂಡಿದರು. ಕೆರೆ ಅನಾದಿಕಾಲದ ರೂಢಿಯಿಂದ ತಮಗಷ್ಟೇ ಸೇರಿದ್ದು ಎಂಬುದು ಅವರ ವಾದ. ಅಂಥ ರೂಢಿ ರುಜುವಾತಾಗಿಲ್ಲ ಎಂದು ಬಾಂಬೆ ಹೈಕೋರ್ಟ್ 1937ರಲ್ಲಿ ತೀರ್ಪು ಕೊಟ್ಟಿತು. ಕೆರೆಯ ದಂಡೆಯಲ್ಲಿ ನಡೆದ ಹೋರಾಟವನ್ನು ‘ರೂಢಿ’ ಅನ್ನೋ ಒಂದು ಪದದ ಕಾನೂನಿನ ಅರ್ಥದ ಮೇಲೂ ಗೆಲ್ಲಬೇಕಾಯಿತು.

ಇವತ್ತಿನ ಸ್ಥಿತಿ ಏನು? ಸಂವಿಧಾನದ 348ನೇ ವಿಧಿಯ ಪ್ರಕಾರ, ಸಂಸತ್ತು ಬೇರೆ ಕಾನೂನು ಮಾಡುವತನಕ, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲೇ. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯಪಾಲರು ರಾಜ್ಯದ ಭಾಷೆಗೆ ಅವಕಾಶ ಕೊಡಬಹುದು. ನಮ್ಮ ಹೈಕೋರ್ಟು ಇನ್ನೂ ಇಂಗ್ಲಿಷಿನಲ್ಲೇ ಇದೆ. ಕೇರಿಯ ಹೆಂಗಸು ಜಿಲ್ಲಾ ಕೋರ್ಟಿನಲ್ಲಿ ಕನ್ನಡದಲ್ಲಿ ಸಾಕ್ಷಿ ಹೇಳುತ್ತಾಳೆ. ಅಪೀಲು ಮೇಲೆ ಹೋದಾಗ ಅವಳ ಮಾತನ್ನು ಇನ್ಯಾರೋ ಇಂಗ್ಲಿಷಿಗೆ ತಿರುಗಿಸುತ್ತಾರೆ.

ನಾನು ಪಾಠ ಮಾಡುವ ಹುಡುಗರಲ್ಲಿ ಹೆಚ್ಚಿನವರು ಕನ್ನಡ ಮೀಡಿಯಮ್ಮಿನವರು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿನಿಂದನೆ ‘ಪಬ್ಲಿಕ್ ವ್ಯೂ’ ಇರುವ ಜಾಗದಲ್ಲಿ ನಡೆದಿರಬೇಕು ಎಂದಿದೆ. ಹುಡುಗ್ರು ಇದನ್ನ ‘ಸಾರ್ವಜನಿಕ ಸ್ಥಳ’ ಅಂತ ಬರ್ಕೋತಾರೆ. ಎರಡೂ ಒಂದೇ ಅಲ್ಲ. ಮನೆಯ ಗೇಟು ಸಾರ್ವಜನಿಕ ಸ್ಥಳವಲ್ಲ, ಆದರೆ ಜನರ ಕಣ್ಣಿಗೆ ಬೀಳುವ ಜಾಗ ಎಂದು 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ, ಹೊರಗಿನವರಿಲ್ಲದ ನಾಲ್ಕು ಗೋಡೆಯೊಳಗೆ ಆಡಿದ ಬೈಗುಳಕ್ಕೆ ಈ ಕಲಮು ಅನ್ವಯಿಸದು ಎಂದಿತು. ದೂರು ಬರೆಯುವಾಗಲೇ ಈ ವ್ಯತ್ಯಾಸ ತಿಳಿಯದ ವಕೀಲನ ಕೈಯಲ್ಲಿ ಕೇಸು ಬಿದ್ದುಹೋಗುತ್ತದೆ.

ಹಾಗಾಗಿ ಲಾ ಕಾಲೇಜುಗಳಲ್ಲಿ ಇಂಗ್ಲಿಷ್ ನೆರವು ಎಂದರೆ ಸ್ಪೋಕನ್ ಇಂಗ್ಲಿಷ್, ಟೈ ಕಟ್ಟುವುದು, ‘ಗುಡ್ ಮಾರ್ನಿಂಗ್’ ಉಚ್ಚಾರಣೆ ಎಂದಾಗಬಾರದು. ಅದು ನಮ್ಮ ಮಕ್ಕಳಿಗೆ ಕೀಳರಿಮೆಯನ್ನಷ್ಟೇ ಕಲಿಸುತ್ತದೆ. ಬೇಕಾದದ್ದು ಕಲಮು, ತೀರ್ಪು, ದೂರುಗಳನ್ನು ಕನ್ನಡದ ಪಕ್ಕದಲ್ಲಿಟ್ಟು ಪದಪದವಾಗಿ ಓದಿಸುವ ತರಗತಿ. ಅದೂ ಮೊದಲ ವರ್ಷದಿಂದಲೇ, ಟೈಂಟೇಬಲ್ಲಿನ ಒಳಗೇ. ಹಾಸ್ಟೆಲಿನಿಂದ ಬರುವವನು ಫೀಸು ಕೊಟ್ಟು ಹೊರಗೆ ಕಲಿಯಲಾರ.

ಹೈಕೋರ್ಟಿನಲ್ಲಿ ಕನ್ನಡ ಬೇಕೆಂಬ ಬೇಡಿಕೆಗೆ ಇದು ವಿರೋಧವಲ್ಲ. ಆ ದಿನ ಬರಲಿ. ಅಲ್ಲಿಯತನಕ ಕೇರಿಯ ಸಾಕ್ಷಿಯನ್ನು ಇಂಗ್ಲಿಷಿಗೆ ತಿರುಗಿಸುವವರು ಯಾರಾಗಿರಬೇಕು ಎಂಬುದನ್ನು ನಮ್ಮ ಸಂಘಟನೆಗಳು ಈಗಲೇ ತೀರ್ಮಾನಿಸಬೇಕು.