ಸುಂಕದ ಕಡತದಲ್ಲಿ ಊರಿನ ಹೆಸರು

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲೂಕುಗಳ ಗಡಿಸೀಮೆ ಕಡಲಿನಿಂದ ಬಹು ದೂರದಲ್ಲಿದ್ದರೂ, ಇಲ್ಲಿಯ ಸರಕು ಕಡಲಾಚೆಯ ಗಿರಾಕಿಯನ್ನು ಅರಸಿ ಹೋದ ಚರಿತ್ರೆ ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಚಾಚುತ್ತದೆ. ಯಾವ ರೇವಿನಲ್ಲಿ ಯಾವ ಸರಕು ಇಳಿಯಿತು, ಅದನ್ನು ಯಾರು ಕೊಂಡರು ಎಂಬುದನ್ನು ಸುಂಕದ ಲೆಕ್ಕದಿಂದ ತಿಳಿದು ಹೊಸ ಗಿರಾಕಿಯನ್ನು ಹುಡುಕುವುದು ಇಂದಿನ ರಫ್ತುದಾರರ ರೂಢಿಯಾಗಿದೆ. ಆದರೆ ಆ ಲೆಕ್ಕದಲ್ಲಿ ಬಂದರಿನ ಹೆಸರು ಉಳಿದಷ್ಟು ಸುಲಭವಾಗಿ ಬೆಳೆದ ಊರಿನ ಹೆಸರು ಉಳಿದಿಲ್ಲ.

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್' ಸುಂಕದ ಕಡತವಲ್ಲ, ನಾವಿಕ ವರ್ತಕರ ಕೈಪಿಡಿ. ಪ್ರತಿ ರೇವಿನಲ್ಲಿ ಏನು ಮಾರಾಟವಾಗುತ್ತದೆ, ಏನು ಸಿಗುತ್ತದೆ ಎಂಬುದನ್ನು ಅದು ಪಟ್ಟಿ ಮಾಡುತ್ತದೆ. ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿಯಲ್ಲಿದ್ದ ತಗರದಿಂದ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್‌ನಿಂದ, ಒರಟು ಬಟ್ಟೆಯೂ ನಯವಾದ ಮಸ್ಲಿನ್ನೂ ಬಂಡಿಗಳಲ್ಲಿ ಭರೂಚಿನ ರೇವಿಗೆ ಹೋಗುತ್ತಿದ್ದುದನ್ನು ಅದು ಹೆಸರಿಸಿ ಹೇಳುತ್ತದೆ. ಒಳನಾಡಿನ ಪೇಟೆಯೊಂದಕ್ಕೆ ಇಂಥ ಮನ್ನಣೆ ದೊರೆತದ್ದು ಅಪರೂಪ. ತೇರ್‌ನಲ್ಲಿ ದೊರೆತ ದಂತದ ಸ್ತ್ರೀ ವಿಗ್ರಹವು ಇಟಲಿಯ ಪಾಂಪೇಯಲ್ಲಿ 1938ರಲ್ಲಿ ಸಿಕ್ಕಿದ ವಿಗ್ರಹವನ್ನು ಬಹುಮಟ್ಟಿಗೆ ಹೋಲುವುದರಿಂದ ಈ ನಂಟಿಗೆ ಮತ್ತಷ್ಟು ಬಲ ಬಂದಿದೆ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ರಾಜಧಾನಿಯೇ ಈ ಸೀಮೆಯ ಮಗ್ಗುಲಲ್ಲಿತ್ತು. ಆ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ (ಹೆಚ್ಚು ಪ್ರಮಾಣದ ಸರಕಿನ ಮೇಲಿನ ಸುಂಕ), ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳೂ ಅವುಗಳನ್ನು ನೋಡಿಕೊಳ್ಳುತ್ತಿದ್ದ ಸುಂಕವೆರ್ಗಡೆ ಎಂಬ ಅಧಿಕಾರಿಯೂ ಮತ್ತೆ ಮತ್ತೆ ಕಾಣಿಸುತ್ತವೆ. ಎತ್ತಿನ ಒಂದು ಹೇರು ವೀಳ್ಯದೆಲೆಗೆ ಇಷ್ಟು ಎಲೆ ದೇವರಿಗೆ ಎಂಬಂಥ ದತ್ತಿಗಳಿಂದ ಯಾವ ಸರಕು ಯಾವ ಪೇಟೆಯಲ್ಲಿ ಓಡಾಡುತ್ತಿತ್ತೆಂಬುದು ಇಂದಿಗೂ ತಿಳಿಯುತ್ತದೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ತಮಿಳು ಶಾಸನವೊಂದು 1088ರಲ್ಲಿ ಸುಮಾತ್ರಾದ ಬಾರುಸ್ ಬಳಿ ಸ್ಥಾಪಿತವಾಗಿರುವುದು, ಕನ್ನಡ ನೆಲದಲ್ಲಿ ಹುಟ್ಟಿದ ಸಂಘದ ಹೆಸರು ಎಷ್ಟು ದೂರದವರೆಗೆ ಬೆಲೆ ಪಡೆದಿತ್ತೆಂಬುದಕ್ಕೆ ಸಾಕ್ಷಿ.

ನಿಜಾಮರ ಆಳ್ವಿಕೆಯಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಎಂಬ ಹೆಸರಿತ್ತು. ಈಸ್ಟ್ ಇಂಡಿಯಾ ಕಂಪನಿಯೊಡನೆ 1802ರಲ್ಲಿ ಆದ ವ್ಯಾಪಾರ ಒಪ್ಪಂದವು ಗಡಿ ದಾಟುವ ಸರಕಿಗೆ ಬೆಲೆಯ ಮೇಲೆ ಶೇಕಡ 5ರ ಸುಂಕವನ್ನು ಗೊತ್ತುಪಡಿಸಿದ್ದರಿಂದ, ಗಡಿಯಾಚೆ ಹೋಗುವ ಹತ್ತಿ, ಎಣ್ಣೆಬೀಜಗಳು ನಾಕೆಯಲ್ಲಿ (ಸುಂಕದ ಕಟ್ಟೆಯಲ್ಲಿ) ಹೈದರಾಬಾದ್ ಸಂಸ್ಥಾನದ ಸರಕಾಗಿಯೇ ದಾಖಲಾಗುತ್ತಿದ್ದವು. ಉಮರ್ಗಾದ ಹೆದ್ದಾರಿಯಲ್ಲಿ ಸೊಲ್ಲಾಪುರ ಮುಟ್ಟಿ, ಅಲ್ಲಿಂದ ರೈಲು ಹಿಡಿದು ಮುಂಬಯಿ ರೇವು ಸೇರಿದ ಮೇಲೆ ಅದೇ ಹತ್ತಿ ಮುಂಬಯಿಯ ಹತ್ತಿಯಾಗಿಬಿಡುತ್ತಿತ್ತು. ಸ್ವಾತಂತ್ರ್ಯಾನಂತರ ಒಳನಾಡಿನ ನಾಕೆಗಳು ಎದ್ದುಹೋದದ್ದು ವ್ಯಾಪಾರಕ್ಕೆ ಒಳಿತೇ ಆದರೂ, ಸೀಮೆಯ ಸರಕನ್ನು ಪ್ರತ್ಯೇಕವಾಗಿ ಎಣಿಸುತ್ತಿದ್ದ ಲೆಕ್ಕವೂ ಅವುಗಳೊಡನೆ ನಿಂತುಹೋಯಿತು. ಬೀದರ್ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾಗಳು 1956ರಲ್ಲಿ ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಜಿಲ್ಲೆ ರಚನೆಯಾದಾಗ ಅದರೊಳಗೆ ಸೇರಿದವು.

ಈಗ ಸರಕನ್ನು ಗುರುತಿಸುವ ಸಾಧನ ಎಚ್‌ಎಸ್ ಕೋಡ್. 1988ರಿಂದ ಜಾರಿಯಲ್ಲಿರುವ ಈ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಣ ತೊಗರಿಗೆ 071360, ಕಡಲೆಗೆ 071320 ಎಂಬ ಸಂಖ್ಯೆಗಳಿವೆ. ಅವುಗಳ ಮೂಲಕ ಯಾವ ದೇಶ ಎಷ್ಟು ತರಿಸಿಕೊಳ್ಳುತ್ತದೆಂಬುದನ್ನು ವರ್ತಕರು ತಿಳಿಯಬಹುದು. ಅಮೆರಿಕದಲ್ಲಿ ಹಡಗಿನ ಸರಕುಪಟ್ಟಿಯಿಂದ ಆಮದುದಾರರ ಹೆಸರೂ ಬಹುಮಟ್ಟಿಗೆ ದೊರೆಯುತ್ತದೆ. ಭಾರತದಲ್ಲಿ 2022ರಲ್ಲಿ ಸುಂಕ ಕಾಯಿದೆಗೆ ಸೇರಿದ 135ಎಎ ಕಲಮು ಬಿಡಿ ರಫ್ತುದಾರರ, ಆಮದುದಾರರ ವಿವರಗಳನ್ನು ಅನುಮತಿಯಿಲ್ಲದೆ ಪ್ರಕಟಿಸುವುದನ್ನು ಅಪರಾಧವೆಂದು ಸಾರುತ್ತದೆ. ಇದಕ್ಕೂ ಮಿಗಿಲಾದ ತೊಡಕು ಬೇಳೆಯದು: 2006ರಿಂದ 2017ರವರೆಗೆ ಕಾಬೂಲಿ ಕಡಲೆಯಂಥ ಕೆಲವನ್ನು ಬಿಟ್ಟರೆ ಬೇಳೆಕಾಳುಗಳ ರಫ್ತಿಗೆ ನಿಷೇಧವಿದ್ದುದರಿಂದ, ಉದಗೀರದ ಬೇಳೆ ಗಿರಣಿಗಳಿಗೆ ತೊಗರಿಬೇಳೆಯ ಹೊರನಾಡಿನ ಗಿರಾಕಿಯ ಪರಿಚಯ ಬೆಳೆಯಬೇಕಾದ ಒಂದು ದಶಕವೇ ಕೈತಪ್ಪಿತು.

ರಫ್ತಿನ ಘೋಷಣಾ ಪತ್ರವಾದ ಶಿಪ್ಪಿಂಗ್ ಬಿಲ್ಲಿನಲ್ಲಿ ಸರಕು ಹುಟ್ಟಿದ ರಾಜ್ಯ ಮತ್ತು ಜಿಲ್ಲೆಯನ್ನು ನಮೂದಿಸುವುದು 2020ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಹೀಗಾಗಿ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತುವ ಉದಗೀರ, ನಿಲಂಗಾಗಳ ಸರಕು ಲಾತೂರಿನ ಲೆಕ್ಕಕ್ಕೂ ಉಮರ್ಗಾದ ಸರಕು ಧಾರಾಶಿವದ ಲೆಕ್ಕಕ್ಕೂ ಸೇರಬೇಕು. ಆ ಅಂಕಣವನ್ನು ರಫ್ತುದಾರರು ಸರಿಯಾಗಿ ತುಂಬಿದರೆ ಮಾತ್ರ ಅದು ಸಾಧ್ಯ.