ಹದಿನಾರಾಣೆಯ ಮಣ್ಣು

ಹೆಣ್ಣು ನೋಡಲು ಬಂದವರು ಮೊದಲು ವಿಚಾರಿಸುವುದು ಬಣ್ಣ. ಹೊಲ ನೋಡಲು ಬಂದವರೂ ಅಷ್ಟೇ. ಹೆಣ್ಣು ಕೆಂಪಗಿರಬೇಕು, ಹೊಲ ಕಪ್ಪಗಿರಬೇಕು ಎಂಬುದೊಂದೇ ವ್ಯತ್ಯಾಸ. ಗುಣದ ಮಾತು ಆಮೇಲೆ. ನಮ್ಮ ಕಡೆ ಹಿಂದೆ ಬೀಗರ ಮನೆಯ ಸುದ್ದಿ ಬಂದಾಗ ಹಿರಿಯರು "ಎರಿ ಹೊಲ ಎಷ್ಟೈತಿ?" ಎಂದು ಕೇಳುತ್ತಿದ್ದರು. ಮಸಾರಿ ಹೊಲ ಎಷ್ಟಿದೆ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಈ ಕಪ್ಪಿನ ಮೋಹ ಬರೀ ಜನರ ಬಾಯಲ್ಲಿ ಮಾತ್ರವಲ್ಲ, ಸರಕಾರದ ಪುಸ್ತಕದಲ್ಲೂ ಆಣೆ ಲೆಕ್ಕದಲ್ಲಿ ಬರೆದಿಟ್ಟ ಸಂಗತಿ ಎಂದು ತಿಳಿದದ್ದು ನಾನು ಸಮಾಜ ವಿಜ್ಞಾನ ಕಲಿಸಲು ತೊಡಗಿ ಎಷ್ಟೋ ವರ್ಷಗಳಾದ ಮೇಲೆ.

ಅತ್ತಿವೇರಿ ಇರುವುದು ಮುಂಡಗೋಡ ತಾಲೂಕಿನಲ್ಲಿ. ಉತ್ತರ ಕನ್ನಡ ಜಿಲ್ಲೆ ಎಂದೊಡನೆ ದೂರದ ಊರವರು ಕಡಲನ್ನೋ ಅಡಿಕೆ ತೋಟವನ್ನೋ ನೆನೆಯುತ್ತಾರೆ. ನಮ್ಮದು ಅದೂ ಅಲ್ಲ, ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ಮುಖ ಮಾಡಿದರೆ ಸಾಗವಾನಿ ಕಾಡು, ಪೂರ್ವಕ್ಕೆ ತಿರುಗಿದರೆ ಬಯಲು. ಹಕ್ಕಿ ನೋಡುವವರಿಗೆ ಇಲ್ಲಿಯ ಜಲಾಶಯ ಮತ್ತು ಪಕ್ಷಿಧಾಮ ಗೊತ್ತು. ನೆಲ ನೋಡುವವರಿಗೆ ಇನ್ನೊಂದು ಸೊಗಸಿದೆ. ಮುಂಡಗೋಡದಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತು, ತಡಸ ದಾಟಿ ಹುಬ್ಬಳ್ಳಿಯವರೆಗೆ ಬರೀ ನೆಲವನ್ನೇ ನೋಡುತ್ತ ಹೋಗಿ. ಜಂಬಿಟ್ಟಿಗೆಯ ಹರಳು ಬೆರೆತ ಕೆಂಪು ನಿಧಾನಕ್ಕೆ ಕಂದಾಗುತ್ತದೆ. ಹುಬ್ಬಳ್ಳಿ ದಾಟಿ ನವಲಗುಂದದ ದಾರಿ ಹಿಡಿದರಂತೂ ಕಣ್ಣು ಹರಿಯುವಷ್ಟು ದೂರ ಕಪ್ಪು. ಒಂದೇ ಹೊತ್ತಿನ ಪ್ರಯಾಣದಲ್ಲಿ ಎರಡು ನಾಡು.

ಈ ಕೆಂಪಿಗೂ ಕಪ್ಪಿಗೂ ಪುಸ್ತಕದ ಹೆಸರು ಬಂದ ಕಥೆ ದೊಡ್ಡದು. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಇಂಗ್ಲಿಷ್ ಕಂಪನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಮಲಬಾರ, ಕನ್ನಡ ಜಿಲ್ಲೆಗಳನ್ನು ನೋಡಿ ಬಾ ಎಂದು ಕಳಿಸಿತು. 1801ರಲ್ಲಿ ಆತ ನಮ್ಮ ಘಟ್ಟದ ಮೇಲಿನ ಸೋಂದಾ ಸೀಮೆಯನ್ನೂ ಹಾದುಹೋದ. ಮಲಬಾರದ ಅಂಗಡಿಪುರದಲ್ಲಿ ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆಯುತ್ತಿದ್ದ ಕೆಂಪು ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಶಬ್ದದಿಂದ 'ಲ್ಯಾಟರೈಟ್' ಎಂಬ ಹೆಸರು ಕಟ್ಟಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲೂ ಇಟ್ಟಿಗೆ ಇದ್ದೇ ಇದೆ. ಬುಕಾನನ್ ಕಂಡದ್ದನ್ನು ನಮ್ಮ ಗೌಂಡಿಗಳು ಮೊದಲೇ ಕಂಡಿದ್ದರು.

ಹೆಸರಿನಿಂದ ಯಾರಿಗೂ ನಷ್ಟವಿಲ್ಲ. ಬೆಲೆ ಕಟ್ಟಲು ಹೊರಟಾಗ ನೋಡಿ ತೊಂದರೆ. 1835-36ರಲ್ಲಿ ಪುಣೆಯ ಸೀಮೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಮುಂಬೈ ಸರಕಾರದ ಹೊಸ ಮೋಜಣಿಯನ್ನು ಆರಂಭಿಸಿದರು. ಮುಂದೆ ವಿಂಗೇಟ್ ನಮ್ಮ ಧಾರವಾಡ ಸೀಮೆಯ ಮೋಜಣಿಯನ್ನೂ ನೋಡಿಕೊಂಡ. 1847ರಲ್ಲಿ ಡೇವಿಡ್‌ಸನ್ ಎಂಬುವನನ್ನೂ ಸೇರಿಸಿಕೊಂಡು ಇವರು ಬರೆದ ವರದಿಯಲ್ಲಿ ಮಣ್ಣಿನ ಒಂದು ಪಟ್ಟಿ ಇದೆ. ಮಣ್ಣಿಗೆ ಮೂರು ಜಾತಿ, ಒಂಬತ್ತು ತರಗತಿ. ಕಪ್ಪಗೆ ನುಣ್ಣಗಿರುವ ಮಣ್ಣು ಮೊದಲನೆಯ ಜಾತಿ, ತುಸು ಒರಟಾಗಿ ಹೆಚ್ಚಾಗಿ ಕೆಂಪಗಿರುವುದು ಎರಡನೆಯದು, ಗರಸು ಮೂರನೆಯದು. ಕಪ್ಪು ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಹದಿನಾರಾಣೆ. ಕೆಂಪು ಮಣ್ಣು ಅಷ್ಟೇ ಆಳವಿದ್ದರೂ ಹದಿನಾಲ್ಕಾಣೆ. ಗರಸಿನ ನೆಲಕ್ಕೆ ಏನು ಮಾಡಿದರೂ ಆರಾಣೆಯ ಮೇಲಿಲ್ಲ. ಕೆಳಗಿನ ಕೊನೆ ಎರಡಾಣೆ. ಹೊಲದಲ್ಲಿ ಅಲ್ಲಲ್ಲಿ ಅಗೆದು, ಆಳ ಅಳೆದು, ಹೊಲದ ಆಣೆ ನಿಗದಿಯಾಗುತ್ತಿತ್ತು. ಕಂದಾಯದ ಲೆಕ್ಕ ಅದರ ಮೇಲೆ.

ಇದರಲ್ಲಿ ಒಂದು ನ್ಯಾಯವೂ ಇತ್ತು. ಬಡ ಮಣ್ಣಿನವನು ಶ್ರೀಮಂತ ಮಣ್ಣಿನವನಷ್ಟೇ ಕಂದಾಯ ಕೊಡಬೇಕಾಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಟ್ಟಿಯ ಕೆಳಗಿನ ದೋಷಗಳ ಸಾಲು. ಕನ್ಯೆಯ ಜಾತಕದಲ್ಲಿ ದೋಷ ಹುಡುಕಿದಂತೆ ಮಣ್ಣಿಗೂ ಏಳು ದೋಷ: ಸುಣ್ಣದ ಹರಳು ಇರುವುದು, ಮರಳು ಬೆರೆತಿರುವುದು, ಇಳಿಜಾರು, ಹಿಡಿತವಿಲ್ಲದ ಪುಡಿತನ, ನೀರು ಇಂಗದಿರುವುದು, ಹರಿಯುವ ನೀರಿಗೆ ಕೊಚ್ಚಿಹೋಗುವುದು, ಒರತೆಯಿಂದ ಸದಾ ಹಸಿಯಾಗಿರುವುದು. ಒಂದೊಂದು ದೋಷಕ್ಕೆ ಮಣ್ಣು ಒಂದೊಂದು ತರಗತಿ ಕೆಳಗಿಳಿಯುತ್ತದೆ.

ನೀರು ಇಂಗದ ಮಣ್ಣು ಮತ್ತು ಸದಾ ಹಸಿಯಾಗಿರುವ ನೆಲ ಜೋಳ ಹತ್ತಿ ಬೆಳೆಯುವವನಿಗೆ ನಿಜಕ್ಕೂ ದೋಷವೇ. ಅತ್ತಿವೇರಿಯಲ್ಲಿ ನಿಂತು ಅದನ್ನೇ ಓದಿದರೆ ನಗು ಬರುತ್ತದೆ. ಇಲ್ಲಿ ಮೇಲಿನ ಹಕ್ಕಲು ಕೆಂಪು. ಮಳೆ ಅಲ್ಲಿಯ ನುಣುಪನ್ನು ತೊಳೆದು ತಂದು ತಗ್ಗಿನಲ್ಲಿ ಕೂಡಿಸುತ್ತದೆ. ಬೂದು ಬಣ್ಣದ ಜಿಗುಟು ಜೇಡಿ ನೀರನ್ನು ಕೆಳಗೆ ಬಿಡುವುದಿಲ್ಲ. ಬಿಡದೆ ಇರುವುದರಿಂದಲೇ ಅಲ್ಲಿ ಭತ್ತ. ಕೆರೆಯ ಏರಿಗೆ ಒಡ್ಡರು ಹುಡುಕುತ್ತಿದ್ದದ್ದೂ ಇಂಥದೇ ಮಣ್ಣನ್ನು. ಪಟ್ಟಿಯ ದೋಷವೇ ನಮ್ಮ ಊಟ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿ ಮೋಜಣಿ ಇತ್ತ ಬಂದಾಗ, ಬಯಲಿನ ಒಣಬೇಸಾಯದ ತಕ್ಕಡಿ ಗದ್ದೆಗೆ ಸಾಲುವಂತಿರಲಿಲ್ಲ. ಗದ್ದೆಗೆ ಮಣ್ಣಿನ ಜೊತೆಗೆ ನೀರಿನ ಅನುಕೂಲಕ್ಕೂ ಆಣೆ ಕಟ್ಟುವ ಬೇರೆ ಕ್ರಮವೇ ಬೇಕಾಯಿತು.

ಜೇಡಿಯನ್ನು ಕಂಡು ಗೋಳಾಡಿದವರು ಬೇರೆ ದೇಶದಲ್ಲೂ ಇದ್ದರು. ಉತ್ತರ ಅಮೆರಿಕದ ಬಹುಭಾಗವನ್ನು ಹಿಂದೆ ದಪ್ಪ ಮಂಜುಗಡ್ಡೆ ಮುಚ್ಚಿತ್ತು. ಅದು ಸರಿಯುವಾಗ ಬಂಡೆಗಳನ್ನು ಬೀಸುವಕಲ್ಲಿನಂತೆ ಅರೆದು, ಕಲ್ಲು ಮರಳು ಹಿಟ್ಟು ಎಲ್ಲವನ್ನೂ ಬೆರೆಸಿ ಬಿಟ್ಟುಹೋಯಿತು. ಆ ಬೆರಕೆಗೆ 'ಟಿಲ್' ಎನ್ನುತ್ತಾರೆ. ಅಲ್ಲಿಯ ಎಷ್ಟೋ ಸೀಮೆಗಳಲ್ಲಿ ಅದರಿಂದ ಆದ ಮಣ್ಣು ಅಪ್ಪಟ ಜಿಗುಟು, ನೀರು ಹಿಡಿದರೆ ಬಿಡದು. ಮೆಕ್ಕೆಜೋಳ ಗೋದಿಯ ಬೇರು ಕೊಳೆಯುತ್ತಿತ್ತು. ನ್ಯೂಯಾರ್ಕ್ ಪ್ರಾಂತದ ಜಿನೀವಾ ಊರಿನ ಹತ್ತಿರ ಜಾನ್ ಜಾನ್‌ಸ್ಟನ್ ಎಂಬ ಸ್ಕಾಟ್‌ಲೆಂಡಿನ ರೈತ 1838ರಲ್ಲಿ ಹೊಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ ನೀರನ್ನು ಹೊರಗೆ ಹರಿಸಿದ. ಇವನಿಗೆ ತಲೆ ಕೆಟ್ಟಿದೆ, ಪಿಂಗಾಣಿ ಪಾತ್ರೆ ಹೂಳುತ್ತಿದ್ದಾನೆ ಎಂದು ನೆರೆಯವರು ನಕ್ಕರಂತೆ. ಬೆಳೆ ಬಂದ ಮೇಲೆ ಅವರೂ ಹೂಳಿದರು. ಅವರು ಮಣ್ಣನ್ನು ಸುಟ್ಟು ನೀರನ್ನು ಕಳಿಸಿದರು, ನಾವು ಮಣ್ಣನ್ನು ತುಳಿದು ನೀರನ್ನು ನಿಲ್ಲಿಸಿದೆವು. ಮಣ್ಣಿನ ಗುಣ ಒಂದೇ, ಮನೆತನದ ಅಗತ್ಯ ಬೇರೆ.

ಹಿಮನದಿಯ ಮಾತು ನಮ್ಮ ತಾಲೂಕಿಗೆ ತೀರ ಹೊರಗಿನದೂ ಅಲ್ಲ. 1966ರಿಂದ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆ ನಿಂತಿದ್ದಾರೆ. ಹಿಮದ ನಾಡಿನಲ್ಲಿ ಬಾರ್ಲಿ ತಿಂದು ಬೆಳೆದವರು ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಮೆಕ್ಕೆಜೋಳ ಬಿತ್ತಿದರು. ಹೊಸ ಮಣ್ಣಿನ ಗುಣ ಕಲಿಯುವುದೆಂದರೆ ಗಂಡನ ಮನೆಯ ರೀತಿ ಕಲಿತಂತೆ ಎಂದು ಆ ಕಾಲೊನಿಯ ಹೆಂಗಸರನ್ನು ಪೇಟೆಯಲ್ಲಿ ಕಂಡಾಗೆಲ್ಲ ನನಗೆ ಅನಿಸುತ್ತದೆ.

ವಿಂಗೇಟನ ಮೊಳ ಮುರಿದು ಬಹಳ ಕಾಲವಾಯಿತು. ಡಾಕ್ಟರ್ ವೋಲ್ಕರ್ 1893ರಲ್ಲೂ ಲೆದರ್ 1898ರಲ್ಲೂ ಹಿಂದೂಸ್ತಾನದ ಮಣ್ಣನ್ನು ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ನಾಲ್ಕು ಮಾಡಿದರು. ನಾವು ಶಾಲೆಯಲ್ಲಿ ಕಲಿಸುತ್ತ ಬಂದ ಪಾಠದ ಬೇರು ಅಲ್ಲಿದೆ. ಅಮೆರಿಕದವರು 1975ರಲ್ಲಿ ಹೊರತಂದ, ಈಗ ನಮ್ಮ ದೇಶದ ಮಣ್ಣು ಸಮೀಕ್ಷೆಯವರೂ ಅನುಸರಿಸುವ ವರ್ಗೀಕರಣ ಬೇರೆ ತೆರನಾದದ್ದು. ಅದು ಬಣ್ಣವೊಂದನ್ನೇ ನಂಬುವುದಿಲ್ಲ. ಯಾವ ಕುಲದ ಬಂಡೆಯಿಂದ ಹುಟ್ಟಿದೆ ಎಂಬುದನ್ನೂ ಮೊದಲು ಕೇಳುವುದಿಲ್ಲ. ಅಗೆದಾಗ ಪದರ ಪದರವಾಗಿ ಏನು ಕಾಣುತ್ತದೆ, ಮಣ್ಣು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತದೆ. ಮೇಲಿನ ಜೇಡಿ ನೀರಿನ ಜೊತೆ ಕೆಳಗಿಳಿದು ಅಲ್ಲೊಂದು ದಪ್ಪ ಪದರವಾಗಿ ನಿಂತಿದ್ದು, ಸಾರವೂ ತಕ್ಕಷ್ಟು ಉಳಿದಿದ್ದರೆ ಅದು ಆಲ್ಫಿಸಾಲ್. ಹಿಮ ಅರೆದಿಟ್ಟ ಅಮೆರಿಕದ ಟಿಲ್ ಮಣ್ಣು ಎಷ್ಟೋ ಕಡೆ ಈ ವರ್ಗಕ್ಕೆ ಸೇರಿದೆ. ಬಿಸಿಲು ಮಳೆಯಲ್ಲಿ ಬೆಂದ ನಮ್ಮ ನೆಲಮಂಗಲ ತಾಲೂಕಿನ ತ್ಯಾಮಗೊಂಡ್ಲು ಕೆಂಪು ಮಣ್ಣೂ ಇದೇ ವರ್ಗ. ಹುಟ್ಟು ಎಲ್ಲಿಯದೋ, ಗುಣದಿಂದ ಒಂದೇ ಪಂಕ್ತಿ.

ಎರೆಗೆ ಆ ಪುಸ್ತಕದಲ್ಲಿ ವರ್ಟಿಸಾಲ್ ಎಂಬ ಹೆಸರು. ಮಗುಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ನೂರಕ್ಕೆ ಮೂವತ್ತಾದರೂ ಜೇಡಿ ಇರಬೇಕು, ಬೇಸಿಗೆಯಲ್ಲಿ ಆಳವಾಗಿ ಬಿರಿಯಬೇಕು, ಮಳೆಗೆ ಉಬ್ಬಿ ಮುಚ್ಚಿಕೊಳ್ಳಬೇಕು. ಬಿರುಕಿನೊಳಗೆ ಮೇಲಿನ ಪುಡಿ ಉದುರುತ್ತದೆ, ಮಳೆ ಬಂದು ಉಬ್ಬಿದಾಗ ಕೆಳಗಿನದು ಮೇಲೇಳುತ್ತದೆ. ಹೀಗೆ ಎರೆ ದೋಸೆಯಂತೆ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಎರೆಯ ಸೀಮೆಯಲ್ಲಿ ಮನೆ ಕಟ್ಟಿದವರ ಗೋಡೆ ಬಿರಿಯುವುದಕ್ಕೂ ಇದೇ ಕಾರಣ. ಇನ್ನೊಂದು ಮಾತು: ಎರೆ ಕಪ್ಪಗಿದೆ ಎಂದು ಅದರಲ್ಲಿ ಗೊಬ್ಬರದ ಅಂಶ ತುಂಬಿದೆ ಎಂದಲ್ಲ. ಅದು ಸಾಮಾನ್ಯವಾಗಿ ಕಡಿಮೆಯೇ. ಎರೆಯ ನಿಜವಾದ ಸಿರಿ ಅದು ಹಿಡಿದಿಡುವ ತೇವ. ಮಳೆ ನಿಂತ ಮೇಲೂ ಆ ತೇವದಲ್ಲಿ ಹಿಂಗಾರಿ ಜೋಳ ಬರುತ್ತದೆ.

ಹದಿನಾರಾಣೆಯ ಮಣ್ಣಿಗೂ ಹದ ಮೀರಿದರೆ ಕೇಡು ತಪ್ಪಿದ್ದಲ್ಲ. ಮಲಪ್ರಭೆಯ ಕಾಲುವೆಯ ನೀರು ನರಗುಂದ ನವಲಗುಂದಗಳ ಎರೆಗೆ ಬಂತು. ಸಹಜವಾಗಿಯೇ ನೀರು ಬಿಡದ ಮಣ್ಣು, ಮೇಲೆ ಬಸಿಗಾಲುವೆಯ ಕೊರತೆ. ಅಲ್ಲಲ್ಲಿ ನೆಲ ಜವುಳು ಹಿಡಿದು ಸವಳಾಯಿತು. ಹತ್ತಿಯ ಬೆಲೆ ಬಿತ್ತು, ಅದರ ಮೇಲೆ ಅಭಿವೃದ್ಧಿ ಕರದ ಹೊರೆ. 1980ರ ಜುಲೈ 21ರಂದು ರೈತರ ಚಳವಳಿಯ ಮೇಲೆ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಆ ಹೋರಾಟಕ್ಕೆ ಕಾರಣಗಳು ಹಲವು. ಮಣ್ಣಿನ ಗುಣ ಕೇಳದೆ ನೀರು ಕೊಟ್ಟು, ಕೊಟ್ಟದ್ದಕ್ಕೆಲ್ಲ ಅಭಿವೃದ್ಧಿ ಎಂದು ಹೆಸರಿಟ್ಟು ಲೆಕ್ಕ ಹಾಕಿದ್ದೂ ಅದರಲ್ಲಿ ಒಂದೆಂದು ನನ್ನ ಎಣಿಕೆ.

ಈ ಇಡೀ ಚರಿತ್ರೆಯಲ್ಲಿ ಹೆಂಗಸಿನ ಕೈ ಎಲ್ಲಿಯೂ ದಾಖಲಾಗಿಲ್ಲ. ಆದರೆ ಮಣ್ಣನ್ನು ವಿಂಗಡಿಸುವುದು ನಮಗೆ ಹೊಸದೇ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಕೂಡ್ರಿಸಲು ಯಾವ ಮಣ್ಣು ನಿಲ್ಲುತ್ತದೆ ಎಂದು ಹುಡುಗಿಯರಿಗೂ ಗೊತ್ತು. ಒಮ್ಮೆ ನಾನು ತರಗತಿಗೆಂದು ಗದ್ದೆಯ ಬದುವಿನಿಂದ ಜೇಡಿ ತರುತ್ತಿದ್ದಾಗ ಒಬ್ಬ ತಾಯಿ ಅದನ್ನು ಬೆರಳಲ್ಲಿ ಹಿಸುಕಿ ನೋಡಿ, "ಅಕ್ಕೋರ, ಇದು ಒಲಿಗೆ ಆಗೂದಿಲ್ರೀ, ಒಣಗಿದ್ರ ಬಿರೀತೈತಿ. ಹೊಟ್ಟು ಕೂಡಿಸಬೇಕು, ಇಲ್ಲಾ ಮ್ಯಾಲಿನ ಕೆಮ್ಮಣ್ಣ ತರಬೇಕು" ಎಂದರು. ಮಣ್ಣು ಸಮೀಕ್ಷೆಯ ತಜ್ಞರು ಹೊಲದಲ್ಲಿ ಮಾಡುವುದೂ ಇದನ್ನೇ. ಮಣ್ಣನ್ನು ತೇವ ಮಾಡಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯುತ್ತಾರೆ. ಪಟ್ಟಿ ಮುರಿಯದೆ ಐದು ಸೆಂಟಿಮೀಟರ್ ದಾಟಿತೆಂದರೆ ಅದು ಜೇಡಿ.

ಮನೆಯಲ್ಲಿ ಕುಂಡ ಇಟ್ಟವರು ಇನ್ನೂ ಸುಲಭವಾಗಿ ನೋಡಬಹುದು. ಗಾಜಿನ ಭರಣಿಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು, ಮೇಲೆ ನೀರು, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ನಡುವಿನ ನುಣುಪು ಕೆಲವು ಗಂಟೆಗಳಲ್ಲಿ. ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಒಂದು ಪಾಲಿಗಿಂತ ಚಿಕ್ಕದು ಅದರ ಕಣ. ನಮ್ಮ ಹುಡುಗಿಯರು ಕಿಟಕಿಯಲ್ಲಿ ಇಂಥ ಭರಣಿಗಳ ಸಾಲನ್ನೇ ಇಟ್ಟಿದ್ದರು. ತಗ್ಗಿನ ಗದ್ದೆಯದು ಎಲ್ಲಕ್ಕಿಂತ ತಡವಾಗಿ ತಿಳಿಯಾಯಿತು.

2015ರಿಂದ ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುತ್ತ ಬಂದಿದ್ದಾರೆ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಹುಳಿ ಕ್ಷಾರ ಎಂದು ಹನ್ನೆರಡು ಅಂಶ ಪರೀಕ್ಷಿಸಿ ಬರೆದಿರುತ್ತದೆ. ಒಳ್ಳೆಯ ಕೆಲಸ. ಆದರೆ ಆ ಹನ್ನೆರಡರಲ್ಲಿ ಜೇಡಿ ಎಷ್ಟು ಪಾಲು ಎಂಬುದಿಲ್ಲ. ಪಹಣಿಯಲ್ಲಿ ಮಣ್ಣಿನ ನಮೂನೆ ಎಂಬ ಅಂಕಣವಿದೆ, ಅಲ್ಲಿಯೂ ಒಂದೆರಡು ಶಬ್ದ ಮಾತ್ರ. ಉಳಿದದ್ದನ್ನು ಹೊಲದವರೇ ಬಲ್ಲರು. ನಿಮ್ಮ ಮನೆಯ ಚೀಟಿ ಬಂದರೆ ಅದರ ಹಿಂಬದಿಯಲ್ಲಿ, ಮಣ್ಣು ಹಿಸುಕಿ ನೋಡಿ, ಈ ನೆಲ ನೀರನ್ನು ಹಿಡಿಯುತ್ತದೋ ಬಿಡುತ್ತದೋ, ಬಿರಿಯುತ್ತದೋ ಇಲ್ಲವೋ ಎಂದು ನೀವೇ ಒಂದು ಸಾಲು ಬರೆದಿಡಿ. ಅತ್ತೆ ಇದ್ದರೆ ಅವರನ್ನು ಕೇಳಿ ಬರೆಯಿರಿ.